ಕೆಂಚಿಯ ನಲವತ್ತು

ನಾಗನೂರ
೨೪ ನವೆಂಬರ್ ೨೦೨೪

ಹತ್ತರಗಿಯ ಸೋಮಪ್ಪ ಕಾಕಾನಿಗೆ ಗುಡ್ಡವ್ವನ ಶರಣು.

ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇವೆ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ, ಸಿಟ್ಟಾಗದೆ ಓದಿರಿ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಅದಾದ ಮೇಲೆ ಪೆನ್ನು ಹಿಡಿದದ್ದು ರೇಶನ್ ಅಂಗಡಿಯಲ್ಲಿ ಸಹಿ ಮಾಡುವಾಗ ಮಾತ್ರ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ದನಿ ಕೇಳಿದ ಕೂಡಲೇ ನನ್ನ ಮಾತು ಗಂಟಲಿನಿಂದ ಕೆಳಗೆ ಇಳಿಯುತ್ತದೆ. "ಹೂಂ ರಿ, ಹೂಂ ರಿ" ಅನ್ನುತ್ತೇನೆ, ಫೋನ್ ಇಟ್ಟ ಮೇಲೆ ನೋಡಿದರೆ ಎಲ್ಲದಕ್ಕೂ ಒಪ್ಪಿಕೊಂಡಿರುತ್ತೇನೆ. ಈ ಸಲ ಹಾಗೆ ಆಗಬಾರದು ಅಂತ ಬರೆದು, ನಿಮ್ಮ ಕಡೆ ದನದ ಹಿಂಡಿ ಒಯ್ಯುವ ಟೆಂಪೋದ ಶ್ರೀಶೈಲನ ಕೈಯಲ್ಲಿ ಕೊಡುತ್ತಿದ್ದೇನೆ.

ನೀವು ಹೇಳಿದ ಹಾಗೆ ನಿನ್ನೆ ಗೋಕಾಕಕ್ಕೆ ಹೋಗಿ, ಜನವರಿಯ ದೂರದ ಸವಾರಿಗೆ ಕೆಂಚಿಯ ಹೆಸರು ಬರೆಸಿದೆ. ಆದರೆ ಮೂಡಲಗಿಯಿಂದ ಹುಕ್ಕೇರಿಯವರೆಗಿನ ಎಂಬತ್ತು ಕಿಲೋಮೀಟರಿಗೆ ಅಲ್ಲ. ಗೋಕಾಕದಿಂದ ಹುಕ್ಕೇರಿಗೆ ಹೋಗುವ ನಲವತ್ತಕ್ಕೆ. ಸವಾರಿ ನಡೆಸುವ ಸಂಘದ ನೇಮಣ್ಣನವರು ಪೆನ್ನು ಎತ್ತಿ ಹಿಡಿದು ನನ್ನನ್ನೇ ನೋಡಿದರು.

"ಇದು ಸೋಮಪ್ಪನ ಕುದರಿ ಅಲ್ಲೇನ?"

"ಹೌದ್ರಿ."

"ಸೋಮಪ್ಪನ ಕುದರಿ ನಲವತ್ತಕ್ಕ? ಅವಗ ಗೊತ್ತೈತೇನ?"

ನಾನು ಫೀ ಎಣಿಸಿ ಮೇಜಿನ ಮೇಲೆ ಇಟ್ಟೆ. ಹಿಂದೆ ನಿಂತವರೊಬ್ಬರು, "ನಲವತ್ತ ಅಂದ್ರ ಸವಾರಿ ಅಲ್ಲ ಬಿಡವಾ, ಕುದರಿ ಗಾಳಿಗೆ ಕರಕೊಂಡ ಹ್ವಾದಂಗ. ಬುತ್ತಿ ಕಟಗೊಂಡ ಹೋಗ" ಅಂದರು. ಎಲ್ಲರೂ ನಕ್ಕರು. ಬುತ್ತಿ ಕಟ್ಟಿಕೊಂಡೇ ಹೋಗುತ್ತೇನೆ, ನಿಮಗೂ ಹಸಿವಾದರೆ ಬರ್ರಿ ಅಂತ ಹೇಳಬೇಕಿತ್ತು. ಆ ಮಾತು ನನಗೆ ಹೊಳೆದದ್ದು ಬಸ್ಸು ನಮ್ಮೂರು ಮುಟ್ಟಿದ ಮೇಲೆ.

ನೀವು ಇದನ್ನು ಬೇರೆಯವರ ಬಾಯಿಂದ ಕೇಳಬಾರದು ಅಂತ ನಾನೇ ತಿಳಿಸಿದ್ದೇನೆ. ಕೆಂಚಿ ಆರಾಮ ಇದ್ದಾಳೆ.

ನಿಮ್ಮ ಅಣ್ಣನ ಮಗಳು,
ಗುಡ್ಡವ್ವ


ಹತ್ತರಗಿ
೧ ಡಿಸೆಂಬರ್ ೨೦೨೪

ಗುಡ್ಡವ್ವನಿಗೆ,

ನಿನ್ನ ಪತ್ರ ಬರುವ ಮೊದಲೇ ನೇಮಣ್ಣ ಫೋನ್ ಮಾಡಿದ್ದ. ಫೋನಿನಲ್ಲಿ ನಕ್ಕ.

ಈ ಸವಾರಿಯನ್ನು ಶುರು ಮಾಡಿದ ನಾಲ್ವರಲ್ಲಿ ನಾನೊಬ್ಬ. ಆಗ ನಲವತ್ತು ಅನ್ನುವುದೇ ಇರಲಿಲ್ಲ. ಕಲಿಯುವ ಹುಡುಗರು, ಎಳೆಯ ಕುದುರೆಗಳು ಸುಮ್ಮನೆ ಮನೆಯಲ್ಲಿ ಕೂರಬಾರದು ಅಂತ ಆಮೇಲೆ ಸೇರಿಸಿದರು. ಎಂಬತ್ತು ಮುಗಿಸಿದವರಿಗೆ ಪಟಕಾ ಸುತ್ತಿ ಮೆರವಣಿಗೆ ಮಾಡುತ್ತಾರೆ. ನಲವತ್ತು ಮುಗಿಸಿದವರಿಗೆ ಚಹಾ ಕೊಡುತ್ತಾರೆ. ಅಷ್ಟರಲ್ಲೇ ತಿಳಿದುಕೋ.

ಕೆಂಚಿ ಎಳೆಯ ಕುದುರೆಯಲ್ಲ, ನೀನು ಹೊಸಬಳಲ್ಲ. ಜೀನಿನ ಮೇಲೆ ಕೂರುವುದನ್ನು ನಾನೇ ಕಲಿಸಿದ್ದೇನೆ. ನನ್ನ ಮೊಣಕಾಲು ನೆಟ್ಟಗಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ. ನನ್ನ ಅಂಗಡಿಗೆ ಟಾಯರ್ ಹಾಕಿಸಲು ಬಂದವರು, "ಏನ್ ಸೋಮಪ್ಪಣ್ಣ, ನಿಮ್ಮ ಕುದರಿ ಅರ್ಧಕ್ಕ ನಿಂತಿತಂತಲ್ಲ" ಅನ್ನುತ್ತಾರೆ. ಸವಾರಿ ಇನ್ನೂ ಆಗಿಯೇ ಇಲ್ಲ, ಆಗಲೇ ಅರ್ಧಕ್ಕೆ ನಿಂತಿದೆ.

ಹೆಸರು ಎಂಬತ್ತಕ್ಕೆ ಬದಲಿಸು. ಇಲ್ಲವಾದರೆ ಸವಾರಿಯ ಮರುದಿನ ನನ್ನ ಮಗ ಅಭಿಷೇಕ ಟೆಂಪೋ ತೆಗೆದುಕೊಂಡು ನಾಗನೂರಿಗೆ ಬಂದು ಕುದುರೆಯನ್ನು ಒಯ್ಯುತ್ತಾನೆ. ಬರುವ ವರ್ಷ ಕೆಂಚಿಯ ಮೇಲೆ ಅವನೇ ಎಂಬತ್ತು ಮಾಡಲಿ. ನಿಮ್ಮ ಹಿತ್ತಲಲ್ಲಿ ಕಟ್ಟಿದ ಮಾತ್ರಕ್ಕೆ ಕುದುರೆ ನಿನ್ನದಾಗುವುದಿಲ್ಲ.

ಸೋಮಪ್ಪ


ನಾಗನೂರ
೯ ಡಿಸೆಂಬರ್ ೨೦೨೪

ಕಾಕಾ,

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. "ತಮ್ಮನ ಕುದರಿ, ತಮ್ಮನ ಮಾತ" ಅಂದು ಎದ್ದು ಹೋದರು. ಅವ್ವ ಆ ದಿನ ಕೆಂಚಿಗೆ ಎರಡು ಸಲ ಹುಲ್ಲು ಹಾಕಿದಳು.

ಕುದುರೆ ನಿಮ್ಮದು. ಅದರಲ್ಲಿ ಎರಡು ಮಾತಿಲ್ಲ. ನೀವು ಕೊಟ್ಟು ಹೋದಾಗ ಅವಳು ಯಾರ ಕೈಯನ್ನೂ ನಂಬುತ್ತಿರಲಿಲ್ಲ, ಈಗ ನನ್ನ ಕೆಮ್ಮು ಕೇಳಿದರೂ ಕಿವಿ ತಿರುಗಿಸುತ್ತಾಳೆ. ಅದು ನನ್ನದು. ಅದಕ್ಕಿಂತ ಹೆಚ್ಚಿನದನ್ನು ನನ್ನದು ಅಂತ ನಾನು ಹೇಳುವುದಿಲ್ಲ.

ಆದರೆ ಹೆಸರು ಬದಲಿಸುವುದಿಲ್ಲ.

ಯಾಕೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಾಲುವೆಯ ದಂಡೆಯ ಮೇಲೆ ದಿನಾ ಓಡಿಸುತ್ತೇನೆ. ಆಗೊಮ್ಮೆ ಈಗೊಮ್ಮೆ ದೂರ ಒಯ್ದು ನಲವತ್ತರ ಹತ್ತಿರ ಬಂದಾಗ ಅವಳ ಮೈ ಬೆಚ್ಚಗಿರುತ್ತದೆ, ಕಿವಿ ಮುಂದಕ್ಕೆ ಇರುತ್ತವೆ, ಎಮ್ಮೆ ಕಂಡರೆ ನಿಂತು ನೋಡುತ್ತಾಳೆ, ನೀರಿಗೆ ಇಳಿಯಲು ನೋಡುತ್ತಾಳೆ. ಒಮ್ಮೆ ನಿಮ್ಮ ಮಾತಿಗೆ ಅರವತ್ತರವರೆಗೆ ಒಯ್ದಿದ್ದೆ. ಅವಳಿಗೆ ಏನೂ ಆಗಲಿಲ್ಲ. ಕುಂಟಲಿಲ್ಲ, ಬೀಳಲಿಲ್ಲ. ಆದರೆ ಎಮ್ಮೆ ಎದುರಿಗೆ ಬಂದರೂ ನೋಡಲಿಲ್ಲ. ನಾನು ಹೇಳಿದ ಕಡೆ ಕಾಲು ಇಡುತ್ತಾ ಬಂದಳು, ಅಷ್ಟೇ. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಾನು ಇಳಿಯಬೇಕು ಕಾಕಾ. ಅವಳು ನನ್ನ ಸಲುವಾಗಿ ನಡೆಯುವುದು ನನಗೆ ಬೇಡ.

ನಲವತ್ತು ಅಂದರೆ ಎಂಬತ್ತರ ಮುರಿದ ತುಂಡು ಅಂತ ನೀವೆಲ್ಲ ಮಾತಾಡುತ್ತೀರಿ. ಅದಕ್ಕೂ ಕುದುರೆ ನೋಡುವವರು ಅದೇ ಡಾಕ್ಟರಮ್ಮ, ಎದೆಗೆ ಹಚ್ಚುವುದು ಅದೇ ನಳಿಕೆ. ನಲವತ್ತಕ್ಕೆ ಇನ್ನೊಂದು ಕಟ್ಟಳೆ ಹೆಚ್ಚು. ಎಂಬತ್ತರಲ್ಲಿ ಗೆರೆ ದಾಟಿದ ಕೂಡಲೇ ಹೊತ್ತು ಬರೆದುಕೊಳ್ಳುತ್ತಾರೆ, ಎದೆ ನೋಡುವುದು ಆಮೇಲೆ. ನಲವತ್ತರಲ್ಲಿ ಗೆರೆ ದಾಟಿದರೂ ಕುದುರೆಯ ಎದೆಬಡಿತ ನಿಮಿಷಕ್ಕೆ ಅರವತ್ತಕ್ಕೆ ಇಳಿಯುವವರೆಗೆ ಹೊತ್ತು ಓಡುತ್ತಲೇ ಇರುತ್ತದೆ. ಅರ್ಧ ತಾಸಿನಲ್ಲಿ ಇಳಿಯದಿದ್ದರೆ ಅಷ್ಟು ದೂರ ಬಂದದ್ದೂ ಲೆಕ್ಕಕ್ಕಿಲ್ಲ. ಈ ಕಟ್ಟಳೆ ನಿಮ್ಮ ಸಂಘದವರೇ ಮಾಡಿದ್ದು. ಮಾಡಿದವರೇ ನಗುತ್ತಾರೆ.

ಗುಡ್ಡವ್ವ


ಹತ್ತರಗಿ
೨೦ ಡಿಸೆಂಬರ್ ೨೦೨೪

ಗುಡ್ಡವ್ವ,

ನಿನ್ನ ಪತ್ರವನ್ನು ನಿನ್ನ ಕಾಕು ಮಾಯವ್ವ ಕೂಡ ಓದಿದಳು. "ಹುಡುಗಿ ಎದುರಿಗೆ ನಿಂತ್ರ ಬಾಯಿ ತೆಗಿಯೂದಿಲ್ಲ, ಹಾಳಿ ಸಿಕ್ರ ಬಿಡೂದಿಲ್ಲ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಒಂದು ದಾರಿ ಇದೆ. ಕೆಂಚಿಯ ಮುಂಗಾಲಿಗೆ ಸ್ವಲ್ಪ ನೋವಿದೆ, ಅದಕ್ಕೇ ಈ ವರ್ಷದ ಮಟ್ಟಿಗೆ ನಲವತ್ತಕ್ಕೆ ಇಳಿಸಿದ್ದೇವೆ ಅಂತ ನಾನು ನೇಮಣ್ಣನಿಗೆ ಹೇಳುತ್ತೇನೆ. ಹುಕ್ಕೇರಿಯಲ್ಲಿ ಯಾರು ಕೇಳಿದರೂ ನೀನೂ ಅಷ್ಟೇ ಹೇಳು. ಕಾಲು ನೋವಿದ್ದ ಕುದುರೆಯನ್ನು ನೋಡಿ ಯಾರೂ ನಗುವುದಿಲ್ಲ. ನೀನು ಹೂಂ ಅಂದರೆ ಟೆಂಪೋ ಬರುವುದಿಲ್ಲ, ಕೆಂಚಿ ನಿಮ್ಮಲ್ಲೇ ಇರಲಿ. ಬರುವ ವರ್ಷದ ಮಾತು ಬರುವ ವರ್ಷ.

ಇದಕ್ಕಿಂತ ಹೆಚ್ಚು ನನ್ನಿಂದ ಬಗ್ಗಲು ಆಗುವುದಿಲ್ಲ.

ಸೋಮಪ್ಪ


ನಾಗನೂರ
೨೮ ಡಿಸೆಂಬರ್ ೨೦೨೪

ಕಾಕಾ,

ನಿಮ್ಮ ಪತ್ರ ಓದಿ ಮೊದಲು ಖುಷಿಯಾಯಿತು. ಟೆಂಪೋ ಬರುವುದಿಲ್ಲ ಅನ್ನುವ ಸಾಲನ್ನು ಎಷ್ಟೋ ಸಲ ಓದಿದೆ. "ಹೂಂ ಅಂದಬಿಡ, ಒಂದ ಸುಳ್ಳಿಗೆ ಏನ ಆಕೈತಿ" ಅಂತ ಅವ್ವನೂ ಹೇಳಿದಳು. ನನಗೂ ಹಾಗೆ ಅನ್ನಿಸಿತು. ಎರಡು ದಿನ ಹಾಗೆಯೇ ಅನ್ನಿಸುತ್ತಿತ್ತು.

ಮೂರನೆಯ ದಿನ ಕೆಂಚಿಯ ಕಾಲು ತೊಳೆಯುತ್ತಿದ್ದೆ. ಗೊರಸು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ, ತಾನಾಗಿಯೇ ಭಾರ ಬಿಟ್ಟಳು. ಈ ಕಾಲಿಗೆ ನೋವಿದೆ ಅಂತ ನಾಲ್ಕು ಜನರ ಮುಂದೆ ಹೇಗೆ ಹೇಳಲಿ? ಒಮ್ಮೆ ಕುಂಟು ಅಂತ ಹೆಸರು ಬಿದ್ದರೆ ಜನ ಅವಳ ಮುಖ ನೋಡುವುದಿಲ್ಲ, ಕಾಲನ್ನೇ ನೋಡುತ್ತಾರೆ. ಅದು ಒಂದು ಮಾತು.

ಇನ್ನೊಂದು ಮಾತು ಇದೆ. ನಾನು ಕಾಲು ನೋವು ಅಂದರೆ, ನಲವತ್ತು ಮಾಡುವುದಕ್ಕೆ ಕಾಲು ನೋವಿರಬೇಕು ಅಂತ ನಾನೇ ಒಪ್ಪಿಕೊಂಡ ಹಾಗೆ. ಅವತ್ತು ಗೋಕಾಕದಲ್ಲಿ ನಕ್ಕವರ ಮಾತನ್ನು ನಾನೇ ನಿಂತು ಖರೆ ಮಾಡಿದ ಹಾಗೆ. ಕೆಂಚಿಗೆ ನೋವಿಲ್ಲ, ನನಗೆ ಹೆದರಿಕೆಯಿಲ್ಲ. ಎಂಬತ್ತು ಆಗುವುದಿಲ್ಲ ಅಂತ ನಲವತ್ತು ಮಾಡುತ್ತಿಲ್ಲ. ನಲವತ್ತು ಬೇಕು ಅಂತ ಮಾಡುತ್ತಿದ್ದೇನೆ. ಅದಕ್ಕೆ ಯಾವ ನೆಪವನ್ನೂ ಹೊದಿಸುವುದಿಲ್ಲ.

ನಿಮ್ಮ ಮೊಣಕಾಲಿನ ವಿಷಯ ಬರೆದಿರಿ. ನೀವು ಎಷ್ಟು ಸಂಕಟ ಪಡುತ್ತೀರಿ ಅಂತ ನನಗೆ ಗೊತ್ತಿದೆ. ಆದರೆ ನಿಮ್ಮಿಂದ ಆಗದೆ ಉಳಿದ ದೂರವನ್ನು ಕೆಂಚಿಯ ಕಾಲಿಗೆ ಕಟ್ಟಬೇಡಿರಿ. ಈ ಸಾಲು ಅಳಿಸಬೇಕು ಅಂದುಕೊಂಡೆ. ಅಳಿಸಲಿಲ್ಲ.

ಟೆಂಪೋ ಕಳಿಸುವುದಾದರೆ ಕಳಿಸಿರಿ.

ಗುಡ್ಡವ್ವ


ನಾಗನೂರ
೨೬ ಜನವರಿ ೨೦೨೫

ಕಾಕಾ,

ಹುಕ್ಕೇರಿಯ ಮೈದಾನದಲ್ಲಿ ಆದದ್ದನ್ನು ನೀವು ಕಣ್ಣಾರೆ ನೋಡಿದ್ದೀರಿ. ಆದರೂ ನನ್ನ ಕಡೆಯಿಂದ ಹೇಗಿತ್ತು ಅಂತ ಬರೆಯುತ್ತೇನೆ. ಅಲ್ಲಿ ನೀವು ಒಂದೇ ಮಾತು ಕೇಳಿದಿರಿ, ಅದಾದ ಮೇಲೆ ನನ್ನ ಕಡೆ ತಿರುಗಲಿಲ್ಲ.

ಮೈದಾನ ಕಾಣುವ ತಿರುವಿನಲ್ಲಿ ನಾನು ಕೆಳಗೆ ಇಳಿದೆ. ಜೀನಿನ ಪಟ್ಟಿ ಸಡಿಲಿಸಿ ಕೆಂಚಿಯ ಬಾಜೂಕೆ ನಡೆಯುತ್ತಾ ಬಂದೆ. ಶರ್ಯತ್ತಿನ ಓಟಕ್ಕೆ ಹೆಸರಾದ ಊರುಗಳ ಹುಡುಗರು ನನ್ನನ್ನು ದಾಟಿ ದೌಡಾಯಿಸಿ ಹೋದರು. ರಸ್ತೆಯಲ್ಲಿ ಕೂತವರು, "ಅಕ್ಕಾ, ಕುದರಿ ಹೆಗಲ ಮ್ಯಾಲ ಹೊತ್ಕೊಂಡ ನಡಿ, ಇನ್ನೂ ಲಗೂನ ಮುಟ್ಟತಿ" ಅಂತ ಕೂಗಿದರು. ನನಗೂ ನಗು ಬಂತು. ಕೆಂಚಿಯ ಉಸಿರು ನನ್ನ ಉಸಿರಿನಷ್ಟೇ ನಿಧಾನ ಇತ್ತು. ಗೆರೆ ದಾಟಿದ ಕೂಡಲೇ ಎದೆ ನೋಡಿಸಿದರೆ ಮುಗಿಯಿತು ಅಂದುಕೊಂಡಿದ್ದೆ.

ನಮ್ಮ ಊರಿನವರು ಟ್ರ್ಯಾಕ್ಟರ್ ತುಂಬಿಕೊಂಡು ಬಂದದ್ದು ನನಗೆ ಗೊತ್ತಿರಲಿಲ್ಲ. ಹಲಗಿ ಬಾರಿಸುವ ಯಲ್ಲಾರಿ ಕಾಕಾನನ್ನೂ ಕರೆತಂದಿದ್ದರು. ಶರ್ಯತ್ತಿನಲ್ಲಿ ಗೆದ್ದ ಎತ್ತಿಗೆ, ಕುದುರೆಗೆ ಏನು ಮಾಡುತ್ತಾರೋ ಎಲ್ಲವನ್ನೂ ನನಗಾಗಿ ಮಾಡಿದರು. ನನ್ನ ಕಾಲು ಗೆರೆ ಮುಟ್ಟಿದ್ದೇ ತಡ ಹಲಗಿ ಬಾರಿಸಿದರು, ಪಟಾಕಿ ಸರ ಹಚ್ಚಿದರು, ಕೆಂಚಿಯ ಹಣೆಗೆ ಹಿಡಿ ಗುಲಾಲು ಎರಚಿದರು. ಪ್ರೀತಿಯಿಂದಲೇ ಮಾಡಿದರು. ಕೆಂಚಿ ಎರಡು ಕಾಲ ಮೇಲೆ ಎದ್ದಳು.

ಡಾಕ್ಟರ್ ಆರತಿ ಬಾಯಿಯವರು ಎದೆಗೆ ನಳಿಕೆ ಹಚ್ಚಿ ಕೇಳಿ ತಲೆ ಅಲ್ಲಾಡಿಸಿದರು. "ಎದಿಬಡತ ಎಂಬತ್ತರ ಮ್ಯಾಲ ಐತಿ. ಇಳೀಲಿ, ಮತ್ತ ನೋಡತೇನಿ." ಬಾಜೂಕೆ ದೌಡಾಯಿಸಿ ಬಂದ ಹುಡುಗರ ಕುದುರೆಗಳೂ ಹಾಗೇ ನಿಂತಿದ್ದವು, ಅವರ ಊರಿನವರೂ ಹಾಗೇ ಬಾರಿಸುತ್ತಿದ್ದರು. ಹೊತ್ತು ಓಡುತ್ತಿತ್ತು. ಕೆಂಚಿಯ ಕೊರಳಿನ ನರ ಹಾರುವುದು ನನಗೆ ಕಾಣುತ್ತಿತ್ತು.

"ಬಾರಸಬ್ಯಾಡ್ರಿ" ಅಂದೆ. ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. ಆಮೇಲೆ ಯಾರ ಬಾಯಿಂದಲೋ ಬಂದ ಹಾಗೆ ಬಂತು, "ಬಾರಸಬ್ಯಾಡ್ರಿ ಅಂದ್ನೆಲ್ಲ, ನಿಲ್ಲಸ್ರಿ."

ಯಲ್ಲಾರಿ ಕಾಕಾ ಕೈ ಎತ್ತಿ ನಿಂತರು. "ನಿಂದ ಮೆರವಣಿಗಿ ಅಲ್ಲೇನವಾ ಇದು?"

"ಆಕಿ ಎದಿ ಇಳೀಬೇಕ್ರಿ ಕಾಕಾ. ಎಲ್ಲಾರೂ ಸುಮ್ನ ನಿಂದರ್ರಿ. ಉಳದ ಕುದರಿನೂ ಅದಾವ."

ಅವರು ಹಲಗಿಯ ಮೇಲೆ ಅಂಗೈ ಒತ್ತಿ ಹಿಡಿದರು. ಆ ಊರಿನವರು, ಈ ಊರಿನವರು, ಒಬ್ಬೊಬ್ಬರಾಗಿ ಸುಮ್ಮನಾದರು. ಅಷ್ಟು ಜನ ಸೇರಿದ ಮೈದಾನದಲ್ಲಿ ಕುದುರೆಗಳು ಉಸಿರಾಡುವುದು ಕೇಳಿಸಿತು. ನೀವು ಅದೇ ಹೊತ್ತಿಗೆ ಕಾಲು ಎಳೆಯುತ್ತಾ ಬಂದಿರಿ. ಸಣ್ಣ ದನಿಯಲ್ಲೇ ಕೇಳಿದಿರಿ, ಆದರೆ ಆ ಹೊತ್ತಿನಲ್ಲಿ ಸಣ್ಣ ದನಿ ಅನ್ನುವುದು ಇರಲಿಲ್ಲ.

"ಕಾಲ ನೋವ ಇತ್ತಲ್ಲ ಇದಕ್ಕ, ಅದಕ್ಕ ನಲವತ್ತ ಹಾಕಿದಿ. ಹೌದಲ್ಲ?"

ನೇಮಣ್ಣನವರು ನನ್ನನ್ನು ನೋಡುತ್ತಿದ್ದರು. ನೀವೂ ನೋಡುತ್ತಿದ್ದಿರಿ. ನಿಮ್ಮ ಕಣ್ಣು "ಹೂಂ ಅನ್ನು" ಅನ್ನುತ್ತಿತ್ತು. ಹೂಂ ಅನ್ನುವುದು ನನಗೆ ಎಷ್ಟು ಸಲೀಸು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಇಲ್ರಿ ಕಾಕಾ. ಕಾಲ ಚೊಲೋ ಅದಾವ. ನಲವತ್ತ ಮಾಡಬೇಕಂತನ ನಲವತ್ತ ಮಾಡೇವಿ."

"ಮಾತಾಡಬ್ಯಾಡ್ರಿ, ನನಗ ಕೇಳಸವಲ್ತು" ಅಂತ ಡಾಕ್ಟರಮ್ಮ ಗದರಿದರು. ಆಮೇಲೆ ನಳಿಕೆ ತೆಗೆದು, "ಐವತ್ತೆಂಟ. ಆತು, ಮುಗೀತು" ಅಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಡ ಅಂದವಳು ನಾನೇ. ಎಷ್ಟನೆಯವಳಾಗಿ ಮುಗಿಸಿದೆ ಅಂತ ಕೇಳಲಿಲ್ಲ. ಚಹಾ ಕೊಟ್ಟರು, ಕುಡಿದೆ. ಚೆನ್ನಾಗಿತ್ತು. ತಿರುಗಿ ನೋಡಿದರೆ ನೀವು ಇರಲಿಲ್ಲ.

ಮರುದಿನ ಹೇಳಿದ ಹಾಗೆ ಅಭಿಷೇಕ ಬಂದ. ಅವನ ಮಾತಿಗೆ ಕೆಂಚಿ ಟೆಂಪೋ ಹತ್ತಲಿಲ್ಲ. "ಅಕ್ಕಾ, ನೀನ ಹತ್ತಸ, ನನ್ನ ಒದಿತಾಳ" ಅಂದ. ನಾನೇ ಹತ್ತಿಸಿದೆ. ಈಗ ಹಿತ್ತಲಲ್ಲಿ ಗೂಟ ಒಂದೇ ಇದೆ. ಅವ್ವ ಅದಕ್ಕೆ ಸೀರೆ ಒಣಹಾಕುತ್ತಾಳೆ, ನಾನು ತೆಗೆಯುತ್ತೇನೆ.

ನನ್ನ ಮಾತಿಗೆ ನನಗೆ ಪಶ್ಚಾತ್ತಾಪವಿಲ್ಲ. ಅದನ್ನು ತಿಳಿಸಲು ಬರೆದೆ.

ಗುಡ್ಡವ್ವ


ಹತ್ತರಗಿ
೧೬ ಫೆಬ್ರುವರಿ ೨೦೨೫

ಗುಡ್ಡವ್ವ,

ಹುಕ್ಕೇರಿಯ ವಿಷಯ ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ.

ಕೆಂಚಿ ಇಲ್ಲಿ ಸರಿಯಾಗಿ ನೀರು ಕುಡಿಯುತ್ತಿಲ್ಲ. ಬಕೆಟ್ ಇಟ್ಟರೆ ಮೂಗು ಅದ್ದಿ ತೆಗೆಯುತ್ತಾಳೆ. ಹೈವೇ ಗಾಡಿಗಳ ಸದ್ದಿರಬಹುದು. ಡಾಕ್ಟರನ್ನು ಕರೆಸಿದೆ, ರೋಗ ಏನೂ ಇಲ್ಲ ಅಂದರು. ಅಭಿಷೇಕ ದಿನಾ ಜೀನು ಹಾಕುತ್ತಾನೆ, ಇವಳು ಕಣಗಲಾ ಊರು ದಾಟುವ ಮೊದಲೇ ನಿಂತುಬಿಡುತ್ತಾಳೆ. ಹೊಡೆಯಬೇಡ ಅಂತ ಹೇಳಿದ್ದೇನೆ.

ನಿನ್ನ ಕಾಕು ನಿನ್ನನ್ನು ನೆನೆಸುತ್ತಾಳೆ. ಬಂದು ನಾಲ್ಕು ದಿನ ಇದ್ದು ಹೋಗು.

ಸೋಮಪ್ಪ


ಹತ್ತರಗಿ, ನಿಮ್ಮದೇ ಮನೆಯ ಕಟ್ಟೆಯ ಮೇಲೆ ಕೂತು
೨ ಮಾರ್ಚ್ ೨೦೨೫

ಕಾಕಾ,

ನಿಮ್ಮ ಮನೆಯಲ್ಲೇ ಇದ್ದು ನಿಮಗೆ ಪತ್ರ ಬರೆಯುವವಳು ನಾನೊಬ್ಬಳೇ ಇರಬೇಕು. ನೀವು ಇನ್ನೂ ಎದ್ದಿಲ್ಲ. ಎದ್ದ ಮೇಲೆ ಎದುರಿಗೆ ನಿಂತು ಹೇಳಿದರೆ ನಾನು ಮತ್ತೆ ಹೂಂ ರಿ ಅನ್ನುತ್ತೇನೆ. ಹುಕ್ಕೇರಿಯಲ್ಲಿ ಒಂದು ಸಲ ಬಾಯಿ ಬಂತು ಅಂದರೆ ದಿನಾ ಬರುತ್ತದೆ ಅಂತ ಅಲ್ಲ.

ಈ ನಾಲ್ಕು ದಿನದಲ್ಲಿ ಕೆಂಚಿ ನೀರು ಕುಡಿದದ್ದನ್ನು ನೀವು ಬಾಗಿಲಲ್ಲಿ ನಿಂತು ನೋಡಿದಿರಿ. ನಾನೇನೂ ವಿದ್ಯೆ ಮಾಡಲಿಲ್ಲ. ಬಕೆಟ್ ಹತ್ತಿರ ಕೂತೆ, ಅವಳಿಗೆ ಬೇಕಾದಾಗ ಕುಡಿದಳು.

ನಿನ್ನೆ ಊಟಕ್ಕೆ ಕೂತಾಗ ಅಭಿಷೇಕ, "ಅಪ್ಪಾ, ಇದು ನನ್ನ ಕೈಲೆ ಎಂಬತ್ತ ಮಾಡಂಗಿಲ್ಲ" ಅಂದ. ನೀವು ತಾಟಿನಿಂದ ತಲೆ ಎತ್ತದೆ, "ಎಂಬತ್ತ ಮಾಡಲಾರದ ಕುದರಿ ನನ್ನ ಬಾಗಲಾಗ ಯಾಕ ಬೇಕ? ಒಯ್ಯವರಿದ್ರ ಒಯ್ಲಿ" ಅಂದಿರಿ. ಕಾಕು ನನ್ನ ಕಡೆ ನೋಡಿದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನೀವು ಸಿಟ್ಟಿನಲ್ಲಿ ಅಂದಿರಿ ಅಂತ ಗೊತ್ತು. ನಾನು ಮಾತ್ರ ಸಿಟ್ಟಿಲ್ಲದೆ ಕೇಳಿಸಿಕೊಂಡೆ. ಕೆಂಚಿಯನ್ನು ಒಯ್ಯುತ್ತಿದ್ದೇನೆ. ಕದ್ದು ಅಲ್ಲ, ಕಾಕುಗೆ ಹೇಳಿದ್ದೇನೆ. ಅವಳು ಬುತ್ತಿ ಕಟ್ಟಿಕೊಡುತ್ತಿದ್ದಾಳೆ.

ಇಲ್ಲಿಂದ ನಾಗನೂರ ಎಷ್ಟು ದೂರ ಅಂತ ನಿಮಗೆ ಗೊತ್ತು. ಒಂದೇ ದಿನದಲ್ಲಿ ಮುಟ್ಟಿದವರಿದ್ದಾರೆ, ನೀವೇ ಮುಟ್ಟಿದ್ದೀರಿ. ನಾವು ಎರಡು ದಿನ ಮಾಡುತ್ತೇವೆ. ಬಿಸಿಲು ಏರಿದರೆ ನೆರಳಿನಲ್ಲಿ ನಿಲ್ಲುತ್ತೇವೆ. ಇವತ್ತು ರಾತ್ರಿ ಗೋಕಾಕದ ದೊಡ್ಡವ್ವನ ಮನೆಯಲ್ಲಿ ಉಳಿಯುತ್ತೇವೆ. ದಾರಿಯಲ್ಲಿ ಯಾರಾದರೂ ಯಾರ ಕುದುರೆ ಅಂತ ಕೇಳಿದರೆ ಸೋಮಪ್ಪನವರದು ಅಂತಲೇ ಹೇಳುತ್ತೇನೆ. ಎಷ್ಟರ ಕುದುರೆ ಅಂತ ಕೇಳಿದರೆ ನಲವತ್ತರದು ಅಂತ ಹೇಳುತ್ತೇನೆ. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತೇನೆ.

ಅಭಿಷೇಕನ ಕೈಗೆ ಟೆಂಪೋ ಕೊಟ್ಟು ಹಿಂದೆ ಕಳಿಸಬೇಡಿರಿ. ಕಳಿಸಿದರೆ ಈ ಸಲ ನಾನು ಹತ್ತಿಸಿ ಕೊಡುವುದಿಲ್ಲ. ನೀವೇ ಬರುವುದಾದರೆ ಬರ್ರಿ. ಕಾಲುವೆಯ ದಂಡೆ ಸಪಾಟಾಗಿದೆ, ನಿಮ್ಮ ಮೊಣಕಾಲಿಗೆ ತ್ರಾಸಾಗದ ಹಾಗೆ ಸ್ವಲ್ಪ ದೂರ ಕೆಂಚಿಯ ಮೇಲೆ ಹೋಗಿ ಬರಬಹುದು. ಎಷ್ಟು ದೂರ ಅಂತ ಯಾರೂ ಕೇಳುವುದಿಲ್ಲ.

ಜೀನು ಹಾಕುವ ಮೊದಲು ಕೆಂಚಿಗೆ ನೀರು ಇಟ್ಟೆ. ಅರ್ಧ ಕುಡಿದಳು. ಉಳಿದದ್ದನ್ನು ಚೆಲ್ಲದೆ ಕಾಕುನ ಕರಿಬೇವಿನ ಗಿಡಕ್ಕೆ ಹಾಕಿ, ಬಕೆಟ್ ಬೋರಲು ಹಾಕಿದ್ದೇನೆ.

ಗುಡ್ಡವ್ವ